ಚೆಸ್ ಓಪನಿಂಗ್ ಮತ್ತು ಅದರೊಳಗಿನ ಟ್ಯಾಕ್ಟಿಕ್ಸ್: ಪದೇ ಪದೇ ಕೇಳುವ ಪ್ರಶ್ನೆಗಳು

ಮೊದಲು ಇದು ಹೇಳಿ, ನಡೆಗಳನ್ನು ಇಲ್ಲಿ ಹೇಗೆ ಓದಬೇಕು?

ಬೋರ್ಡಿನ ಉದ್ದಸಾಲುಗಳಿಗೆ ಬಿಳಿಯವರ ಎಡದಿಂದ ಎ, ಬಿ, ಸಿ, ಡಿ, ಇ, ಎಫ್, ಜಿ, ಎಚ್. ಅಡ್ಡಸಾಲುಗಳಿಗೆ ಬಿಳಿಯವರ ಕಡೆಯಿಂದ 1ರಿಂದ 8. ಬರೀ ‘ಇ4’ ಅಂದರೆ ಕಾಲಾಳು ಇ4ಕ್ಕೆ ಹೋಯಿತು ಅಂತ. ಬೇರೆ ಕಾಯಿಯಾದರೆ ಹೆಸರು ಹೇಳಿದ್ದೇನೆ: ‘ಕುದುರೆ ಎಫ್3’, ‘ಒಂಟೆ ಸಿ4’. ಬಿಷಪ್ ಒಂಟೆ, ರೂಕ್ ಆನೆ, ಕ್ವೀನ್ ರಾಣಿ. ನಿಮ್ಮ ಮನೆಯಲ್ಲಿ ಮಂತ್ರಿ ಅನ್ನುವುದಾದರೆ ಹಾಗೇ ಓದಿಕೊಳ್ಳಿ. ಪಕ್ಕದಲ್ಲಿ ಒಂದು ಬೋರ್ಡ್ ಇಟ್ಟುಕೊಂಡು ಕಾಯಿ ಸರಿಸುತ್ತಾ ಓದಿ. ಸುಮ್ನೆ ಕಣ್ಣಲ್ಲಿ ಓದಿದರೆ ಐದನೇ ನಡೆಗೇ ದಾರಿ ತಪ್ಪುತ್ತದೆ.

ಒಟ್ಟು ಎಷ್ಟು ಓಪನಿಂಗ್‌ಗಳಿವೆ? ಎಲ್ಲಾ ಕಲಿಯಬೇಕಾ?

ಓಪನಿಂಗ್ ಅಂದರೆ ಆಟ ಶುರು ಮಾಡುವ ನಡೆಗಳ ಕ್ರಮ. ಅವುಗಳನ್ನು ಎ00ರಿಂದ ಇ99ರವರೆಗೆ ಒಟ್ಟು 500 ಕೋಡ್‌ಗಳಲ್ಲಿ ವಿಂಗಡಿಸಿದ್ದಾರೆ. ಒಂದೊಂದು ಕೋಡಿನ ಒಳಗೂ ಹತ್ತಾರು ಕವಲುಗಳು. ಎಲ್ಲವನ್ನೂ ಕಲಿತವರು ಯಾರೂ ಇಲ್ಲ. ಗ್ರ್ಯಾಂಡ್‌ಮಾಸ್ಟರ್‌ಗಳೂ ತಮಗೆ ಬೇಕಾದಷ್ಟನ್ನೇ ಆಳವಾಗಿ ಓದುತ್ತಾರೆ. ಕ್ಲಬ್ ಮಟ್ಟದವರಿಗೆ ಬಿಳಿಗೆ ಒಂದು, ಇ4 ವಿರುದ್ಧ ಒಂದು, ಡಿ4 ವಿರುದ್ಧ ಒಂದು, ಇಷ್ಟಿದ್ದರೆ ವರ್ಷಗಟ್ಟಲೆ ಸಾಕು.

ನಡೆಗಳನ್ನು ಬಾಯಿಪಾಠ ಮಾಡಿದರೆ ಆಗಲ್ವಾ?

ಆಗುತ್ತದೆ, ಎದುರಾಳಿಯೂ ಅದೇ ಪಾಠ ಓದಿಕೊಂಡು ಬಂದಿದ್ದರೆ! ನಿಜವಾದ ಆಟದಲ್ಲಿ ನಾಲ್ಕನೆಯದೋ ಐದನೆಯದೋ ನಡೆಗೆ ಎದುರಿನವರು ನೀವು ಕಂಡಿರದ ಯಾವುದೋ ಕಾಯಿ ಸರಿಸುತ್ತಾರೆ. ಬಾಯಿಪಾಠ ಅಲ್ಲಿಗೆ ಮುಗಿಯಿತು. ಆಗ ಕೈಯಲ್ಲಿ ಉಳಿಯುವುದು ಒಂದೇ ಪ್ರಶ್ನೆ: ಈ ಜಾಗದಲ್ಲಿ ಯಾವ ಮನೆ ಬಡವಾಗಿದೆ, ಯಾವ ಕಾಯಿಗೆ ಕಾವಲಿಲ್ಲ?

ಅದಕ್ಕೇ ನಾನು ಯಾವಾಗಲೂ ಹೇಳುವುದು, ಓಪನಿಂಗನ್ನು ಅದರ ಟ್ಯಾಕ್ಟಿಕ್ಸ್ (ಕಾಯಿ ಗೆಲ್ಲುವ ಇಲ್ಲವೇ ರಾಜನನ್ನು ಹಿಡಿಯುವ ಚಿಕ್ಕ ಹೊಡೆತಗಳು) ಮೂಲಕ ಕಲಿಯಿರಿ ಅಂತ. ಪ್ರತಿ ಓಪನಿಂಗಿಗೂ ಎರಡೋ ಮೂರೋ ಹೊಡೆತಗಳಿರುತ್ತವೆ. ಅವು ಆ ಕಾಲಾಳುಗಳ ಜೋಡಣೆಯಿಂದಲೇ ಹುಟ್ಟಿರುತ್ತವೆ. ಹೊಡೆತ ಗೊತ್ತಿದ್ದರೆ ನಡೆಗಳಿಗೆ ಅರ್ಥ ಬರುತ್ತದೆ. ‘ಇಲ್ಲಿ ಯಾಕೆ ಡಿ6, ಯಾಕೆ ಎಚ್3’ ಅನ್ನುವುದಕ್ಕೆ ಹೆಚ್ಚಿನ ಸಲ ಉತ್ತರ ಒಂದು ಹೊಡೆತವೇ ಆಗಿರುತ್ತದೆ.

ಎಲ್ಲರೂ ಎಫ್7, ಎಫ್7 ಅಂತಾರೆ. ಏನದು?

ಆಟ ಶುರುವಾದಾಗ ಕಪ್ಪಿನ ಎಫ್7 ಕಾಲಾಳನ್ನು ಕಾಯುವುದು ರಾಜ ಒಬ್ಬನೇ. ಬಿಳಿಗೆ ಎಫ್2 ಹಾಗೇ. ಮಿಕ್ಕ ಕಾಲಾಳುಗಳಿಗೆ ಬೇರೆ ಯಾವುದಾದರೂ ಕಾಯಿಯ ಕಾವಲಿದೆ. ಹಾಗಾಗಿ ಮೊದಲ ಹತ್ತು ನಡೆಗಳ ಅರ್ಧದಷ್ಟು ಟ್ಯಾಕ್ಟಿಕ್ಸ್ ಈ ಒಂದು ಮನೆಯ ಸುತ್ತಲೇ ಸುತ್ತುತ್ತವೆ ಅಂದರೂ ತಪ್ಪಿಲ್ಲ.

ಶಾಲೆಯಲ್ಲಿ ಎಲ್ಲರೂ ಒಮ್ಮೆ ಸೋಲುವ ನಾಲ್ಕು ನಡೆಯ ಮೇಟ್ (ರಾಜ ತಪ್ಪಿಸಿಕೊಳ್ಳಲಾಗದ ಚೆಕ್) ಗೊತ್ತಲ್ಲ: ಇ4 ಇ5, ಒಂಟೆ ಸಿ4 ಕುದುರೆ ಸಿ6, ರಾಣಿ ಎಚ್5, ಈಗ ಕಪ್ಪು ಯೋಚಿಸದೆ ಕುದುರೆ ಎಫ್6 ಅಂದರೆ ರಾಣಿ ಎಫ್7 ಹೊಡೆದು ಮೇಟ್. ತಡೆಯುವುದು ಸುಲಭ. ಜಿ6 ಆಡಿ. ರಾಣಿ ಎಫ್3ಕ್ಕೆ ಬಂದು ಮತ್ತೆ ಎಫ್7 ನೋಡಿದರೆ ಆಗ ಕುದುರೆ ಎಫ್6. ಬಿಳಿ ರಾಣಿ ಅವಸರದಲ್ಲಿ ಹೊರಗೆ ಬಂದಿದೆ, ಎಫ್3ರಲ್ಲಿ ತನ್ನ ಕುದುರೆಯ ಜಾಗವನ್ನೇ ಹಿಡಿದಿದೆ. ಕಪ್ಪು ಮಾತ್ರ ಒಂದೊಂದೇ ಕಾಯಿ ಹೊರಗೆ ತಂದಿದೆ.

ಇಟಾಲಿಯನ್ ಆಟದಲ್ಲಿ ಕುದುರೆ ಜಿ5ಕ್ಕೆ ಬಂದರೆ ಏನು ಮಾಡಲಿ? ಪ್ರತಿಸಲ ಸೋಲುತ್ತೇನೆ.

ಈ ಪ್ರಶ್ನೆ ಕೇಳದ ವಾರವೇ ಇಲ್ಲ. ಸ್ವಲ್ಪ ವಿವರವಾಗಿಯೇ ನೋಡೋಣ.

ಇ4 ಇ5, ಕುದುರೆ ಎಫ್3 ಕುದುರೆ ಸಿ6, ಒಂಟೆ ಸಿ4 ಕುದುರೆ ಎಫ್6. ಇದಕ್ಕೆ ಎರಡು ಕುದುರೆಗಳ ಡಿಫೆನ್ಸ್ ಅನ್ನುತ್ತಾರೆ. ಈಗ ಬಿಳಿ ಕುದುರೆ ಜಿ5ಕ್ಕೆ ಜಿಗಿಯುತ್ತದೆ. ಒಂಟೆ, ಕುದುರೆ ಎರಡೂ ಎಫ್7 ಮೇಲೆ. ಒಂದೇ ಕಾಯಿಯನ್ನು ಓಪನಿಂಗಿನಲ್ಲಿ ಎರಡು ಸಲ ಆಡಬಾರದು ಅನ್ನುವ ನಿಯಮ ಇಲ್ಲಿ ಮುರಿದಿದೆ. ಜರ್ಮನಿಯ ಹಳೇ ಮಾಸ್ಟರ್ ಟಾರಾಶ್ ಈ ನಡೆಯನ್ನು ಎಳಸರ ನಡೆ ಎಂದು ಹೀಗಳೆದಿದ್ದರು. ಆದರೂ ಇವತ್ತಿಗೂ ಒಳ್ಳೊಳ್ಳೆಯವರು ಆಡುತ್ತಾರೆ, ಯಾಕೆಂದರೆ ಎಫ್7 ನಿಜವಾಗಿಯೂ ನೋಯುತ್ತದೆ.

ಕಪ್ಪಿನ ಸಹಜ ಉತ್ತರ ಡಿ5. ಒಂಟೆಯ ದಾರಿ ಮುಚ್ಚಿತು. ಬಿಳಿ ಕಾಲಾಳಿನಿಂದ ಡಿ5 ಹೊಡೆಯುತ್ತದೆ. ಇಲ್ಲಿ ಕೈ ತಾನಾಗಿ ಎಫ್6 ಕುದುರೆಗೆ ಹೋಗುತ್ತದೆ, ಹೋಗಿ ಡಿ5 ಹೊಡೆಯುತ್ತದೆ. ಅಲ್ಲೇ ತೊಂದರೆ. ಬಿಳಿ ಕುದುರೆ ಎಫ್7 ಹೊಡೆದು ರಾಣಿಗೂ ಆನೆಗೂ ಒಟ್ಟಿಗೆ ಫೋರ್ಕ್ ಹಾಕುತ್ತದೆ. ರಾಜ ಆ ಕುದುರೆಯನ್ನು ತಿನ್ನಲೇಬೇಕು. ಆಗ ರಾಣಿ ಎಫ್3, ಚೆಕ್. ಚೆಕ್ ಜೊತೆಗೆ ಡಿ5 ಕುದುರೆಯ ಮೇಲೂ ಕಣ್ಣು. ಕುದುರೆ ಉಳಿಸಿಕೊಳ್ಳಬೇಕೆಂದರೆ ರಾಜ ಇ6ಕ್ಕೆ ಬರಬೇಕು, ಬೋರ್ಡಿನ ನಟ್ಟನಡುವೆ. ಬಿಳಿ ಕುದುರೆ ಸಿ3ಕ್ಕೆ ಬಂದು ಡಿ5 ಮೇಲೆ ಮೂರನೇ ಏಟು. ಇದೇ ಫ್ರೈಡ್ ಲಿವರ್ ದಾಳಿ. ಇಟಲಿಯ ಪೊಲೇರಿಯೋ 1600ರ ಆಸುಪಾಸಿನಲ್ಲೇ ಇದನ್ನು ಆಡಿದ್ದ. ಕಂಪ್ಯೂಟರ್ ಕೈಗೆ ಕೊಟ್ಟರೆ ಕಪ್ಪು ಇನ್ನೂ ಒದ್ದಾಡಿ ನಿಲ್ಲಬಹುದು. ಹತ್ತು ನಿಮಿಷದ ಆಟದಲ್ಲಿ ನೀವು, ನಾನು ನಿಲ್ಲುವುದು ಕಷ್ಟ.

ಹಾಗಾದರೆ ಬಿಳಿ ಡಿ5 ಹೊಡೆದ ಮೇಲೆ ಏನು? ಕುದುರೆ ಎ5. ಒಂಟೆಯ ಮೇಲೇ ದಾಳಿ. ಬಿಳಿ ಒಂಟೆ ಬಿ5 ಚೆಕ್, ಸಿ6, ಕಾಲಾಳು ಸಿ6 ಹೊಡೆಯುತ್ತದೆ, ಬಿ ಕಾಲಾಳು ತಿರುಗಿ ಹೊಡೆಯುತ್ತದೆ. ಕಪ್ಪಿಗೆ ಒಂದು ಕಾಲಾಳು ನಷ್ಟ. ಬದಲಿಗೆ ಬಿಳಿಯ ಒಂಟೆ ಓಡಬೇಕು, ಆಮೇಲೆ ಎಚ್6 ಬಂದರೆ ಕುದುರೆಯೂ ಓಡಬೇಕು. ಅಷ್ಟರಲ್ಲಿ ಕಪ್ಪಿನ ಕಾಯಿಗಳು ಹೊರಗೆ ಬಂದಿರುತ್ತವೆ. ‘ಒಂದು ಕಾಲಾಳು ಕೊಟ್ಟು ಸಮಯ ಕೊಂಡೆ’ ಅನ್ನುವುದು ತಲೆಗೆ ಹೋದರೆ ಕುದುರೆ ಎ5 ಅನ್ನುವ ವಿಚಿತ್ರ ನಡೆ ಮತ್ತೆ ಮರೆಯುವುದಿಲ್ಲ.

ಇಷ್ಟು ರಗಳೆ ಬೇಡ ಅನ್ನುವವರು ಮೂರನೇ ನಡೆಗೇ ಕುದುರೆ ಎಫ್6 ಬದಲು ಒಂಟೆ ಸಿ5 ಆಡಿ. ಡಿ8ರ ರಾಣಿಗೆ ಜಿ5 ಮನೆ ಕಾಣುತ್ತಿರುತ್ತದೆ, ಬಿಳಿ ಕುದುರೆ ಅಲ್ಲಿಗೆ ಬಂದರೆ ಸುಮ್ನೆ ತಿಂದುಬಿಡಬಹುದು.

ಎದುರಿನವರ ಕುದುರೆ ಪಿನ್ ಆಗಿದ್ದರೂ ಅವರು ರಾಣಿ ಬಿಟ್ಟುಕೊಟ್ಟು ಮೇಟ್ ಮಾಡಿದರು. ಅದು ಹೇಗೆ?

ಅದು ಲೆಗಾಲ್ ಮೇಟ್. 18ನೇ ಶತಮಾನದ ಪ್ಯಾರಿಸ್‌ನಲ್ಲಿ ಕೆಫೆ ದ ಲಾ ರೆಜಾನ್ಸ್ ಅನ್ನುವ ಕಾಫಿ ಅಂಗಡಿ ಚೆಸ್ ಆಟಗಾರರ ಅಡ್ಡೆಯಾಗಿತ್ತು. ಅಲ್ಲಿನ ದೊಡ್ಡ ಆಟಗಾರ ಲೆಗಾಲ್, ಆ ಕಾಲದ ಹೆಸರಾಂತ ಆಟಗಾರ ಫಿಲಿಡೋರ್‌ಗೆ ಗುರು.

ಸರಳ ರೂಪ ಹೀಗಿದೆ: ಇ4 ಇ5, ಕುದುರೆ ಎಫ್3 ಡಿ6, ಒಂಟೆ ಸಿ4 ಒಂಟೆ ಜಿ4, ಕುದುರೆ ಸಿ3 ಜಿ6. ಎಫ್3 ಕುದುರೆ ಪಿನ್ ಆಗಿದೆ, ಅಂದರೆ ಅದು ಸರಿದರೆ ಹಿಂದಿರುವ ರಾಣಿ ಒಂಟೆಯ ಬಾಯಿಗೆ ಸಿಗುತ್ತದೆ. ಆದರೂ ಕುದುರೆ ಇ5 ಹೊಡೆಯುತ್ತದೆ! ಕಪ್ಪು ಆಸೆಯಿಂದ ರಾಣಿ ತಿಂದರೆ ಒಂಟೆ ಎಫ್7 ಚೆಕ್, ರಾಜ ಇ7, ಕುದುರೆ ಡಿ5 ಮೇಟ್. ಆಸೆ ಪಡದೆ ಡಿ ಕಾಲಾಳಿನಿಂದ ಇ5 ಹೊಡೆದರೆ ಬಿಳಿ ರಾಣಿ ಜಿ4ರ ಒಂಟೆಯನ್ನು ತಿಂದು ಒಂದು ಕಾಲಾಳು ಮೇಲೆ.

ಇಲ್ಲಿಗೆ ನಿಲ್ಲಿಸಿದರೆ ಅಪಾಯ. ಹೆಚ್ಚಿನವರು ಇಲ್ಲಿಗೇ ನಿಲ್ಲಿಸುತ್ತಾರೆ, ಅದಕ್ಕೇ ಮುಂದಿನ ವಾರ ಇದೇ ಹೊಡೆತ ಹಾಕಲು ಹೋಗಿ ಪೆಟ್ಟು ತಿನ್ನುತ್ತಾರೆ. ಕಪ್ಪಿನ ಕುದುರೆ ಸಿ6ರಲ್ಲಿದ್ದರೆ ಇದು ನಡೆಯುವುದಿಲ್ಲ. ಆ ಕುದುರೆ ಇ5 ಹೊಡೆಯುತ್ತದೆ, ಅಲ್ಲಿಂದ ಜಿ4ರ ಒಂಟೆಗೂ ಕಾವಲು ಕೊಡುತ್ತದೆ. ಬಿಳಿಗೆ ಒಂದು ಕುದುರೆ ಸುಮ್ನೆ ಹೋಯಿತು.

ಈಗ ಮಜಾ ನೋಡಿ. ಮೊದಲು ಎಚ್3 ಆಡಿ. ಕಪ್ಪಿನ ಒಂಟೆ ಎಚ್5ಕ್ಕೆ ಹಿಂದೆ ಸರಿದರೆ ಹೊಡೆತ ಮತ್ತೆ ಜೀವಂತ. ಕುದುರೆ ಇ5 ಹೊಡೆಯುತ್ತದೆ, ಸಿ6 ಕುದುರೆ ಅದನ್ನು ತಿನ್ನುತ್ತದೆ, ರಾಣಿ ಎಚ್5 ತಿನ್ನುತ್ತದೆ. ಯಾಕೆಂದರೆ ಇ5ರ ಕುದುರೆ ಜಿ4 ಕಾಯುತ್ತದೆ, ಎಚ್5 ಕಾಯುವುದಿಲ್ಲ. ಕಪ್ಪು ಕುದುರೆ ಸಿ4ರ ಒಂಟೆ ತಿಂದರೆ ರಾಣಿ ಬಿ5 ಚೆಕ್, ಮುಂದಿನ ನಡೆಗೆ ಸಿ4ರ ಕುದುರೆ ವಾಪಸ್. ಲೆಕ್ಕ ಹಾಕಿದರೆ ಬಿಳಿಗೆ ಒಂದು ಕಾಲಾಳು ಲಾಭ. ಒಂದು ಪುಟ್ಟ ಎಚ್3, ಒಂಟೆ ಒಂದೇ ಮನೆ ಹಿಂದೆ, ಪೂರ್ತಿ ಫಲಿತಾಂಶ ಬದಲು.

ಒಂದೇ ಹೊಡೆತ ಬೇರೆ ಬೇರೆ ಓಪನಿಂಗ್‌ಗಳಲ್ಲಿ ಬರುತ್ತದಾ?

ಖಂಡಿತ. ಓಪನಿಂಗ್ ಹೆಸರುಗಳಿಗಿಂತ ಇದನ್ನು ಗಮನಿಸುವುದೇ ಜಾಸ್ತಿ ಉಪಯೋಗ. ಇ ಸಾಲಿನ ಪಿನ್ ತಗೊಳ್ಳಿ.

ಕ್ಯಾರೋ-ಕಾನ್: ಇ4 ಸಿ6, ಡಿ4 ಡಿ5, ಕುದುರೆ ಸಿ3, ಡಿ ಕಾಲಾಳು ಇ4 ಹೊಡೆತ, ಕುದುರೆ ಇ4 ಹೊಡೆತ, ಕುದುರೆ ಡಿ7. ಬಿಳಿ ರಾಣಿ ಇ2. ನೋಡಲು ಪೆದ್ದು ನಡೆ, ತನ್ನದೇ ಒಂಟೆಗೆ ಅಡ್ಡ ನಿಂತಿದೆ. ಕಪ್ಪು ಅಭ್ಯಾಸಬಲದಿಂದ ಜಿ8 ಕುದುರೆ ಎಫ್6 ಆಡಿದರೆ ಬಿಳಿ ಕುದುರೆ ಡಿ6, ಮೇಟ್! ಆರನೇ ನಡೆಗೆ. ಇ7 ಕಾಲಾಳು ತಿನ್ನುವಂತಿಲ್ಲ, ಅದು ರಾಜನಿಗೆ ಪಿನ್ ಆಗಿದೆ.

ಈಗ ಬೋರ್ಡ್ ತಿರುಗಿಸಿ ಬುಡಾಪೆಸ್ಟ್ ಗ್ಯಾಂಬಿಟ್ (ಗ್ಯಾಂಬಿಟ್ ಅಂದರೆ ಕಾಲಾಳು ಬಿಟ್ಟುಕೊಟ್ಟು ಆಡುವ ಓಪನಿಂಗ್): ಡಿ4 ಕುದುರೆ ಎಫ್6, ಸಿ4 ಇ5, ಕಾಲಾಳು ಇ5 ಹೊಡೆತ, ಕುದುರೆ ಜಿ4, ಒಂಟೆ ಎಫ್4 ಕುದುರೆ ಸಿ6, ಕುದುರೆ ಎಫ್3 ಒಂಟೆ ಬಿ4 ಚೆಕ್, ಬಿ1 ಕುದುರೆ ಡಿ2, ರಾಣಿ ಇ7, ಎ3, ಜಿ4 ಕುದುರೆ ಇ5 ಹೊಡೆತ. ಒಂಟೆ ಸುಮ್ನೆ ಬಿದ್ದಿದೆ ಅಂತ ಬಿಳಿ ಬಿ4 ತಿಂದರೆ ಕುದುರೆ ಡಿ3 ಮೇಟ್. ಇ2 ಕಾಲಾಳು ಪಿನ್. ಕ್ಯಾರೋ-ಕಾನ್‌ನ ಚಿತ್ರವೇ, ಬಣ್ಣ ಮಾತ್ರ ಅದಲು ಬದಲು.

ಮೂರನೆಯದು ಪೆಟ್ರೋಫ್: ಇ4 ಇ5, ಕುದುರೆ ಎಫ್3 ಕುದುರೆ ಎಫ್6, ಕುದುರೆ ಇ5 ಹೊಡೆತ. ಕಪ್ಪು ಕೂಡಲೇ ಇ4 ಹೊಡೆದರೆ ರಾಣಿ ಇ2. ಕುದುರೆ ಹೆದರಿ ಎಫ್6ಕ್ಕೆ ಓಡಿದರೆ ಬಿಳಿ ಕುದುರೆ ಸಿ6, ಹಿಂದಿನಿಂದ ರಾಣಿಯ ಚೆಕ್, ಕಪ್ಪಿನ ರಾಣಿ ಹೋಯಿತು. ಅದಕ್ಕೇ ಪೆಟ್ರೋಫ್ ಆಡುವವರು ಮೊದಲು ಡಿ6 ಆಡಿ ಕುದುರೆಯನ್ನು ಓಡಿಸಿ ಆಮೇಲೆ ಇ4 ತಿನ್ನುತ್ತಾರೆ.

ಮೂರು ಓಪನಿಂಗ್, ಒಂದೇ ಪಾಠ: ರಾಜನೂ ಎದುರಿನ ರಾಣಿಯೂ ಒಂದೇ ಸಾಲಿನಲ್ಲಿದ್ದರೆ ಕೈ ಕಟ್ಟಿ ಕೂತು ಒಂದು ನಿಮಿಷ ನೋಡಿ.

ಟ್ರ್ಯಾಪ್ ಕಲಿಯುವುದು ಕೆಟ್ಟ ಅಭ್ಯಾಸ ಅಂತಾರೆ. ನಿಜಾನಾ?

ಎರಡು ಥರದ ಟ್ರ್ಯಾಪ್‌ಗಳಿವೆ. ಒಂದು, ಎದುರಾಳಿ ಬೀಳದಿದ್ದರೂ ನಿಮಗೆ ನಷ್ಟವಿಲ್ಲದ್ದು. ಇನ್ನೊಂದು, ಬೀಳದಿದ್ದರೆ ನೀವೇ ಗುಂಡಿಯಲ್ಲಿ.

ಮೊದಲನೆಯದಕ್ಕೆ ಒಳ್ಳೆಯ ಉದಾಹರಣೆ ಎಲಿಫೆಂಟ್ ಟ್ರ್ಯಾಪ್. ಕ್ವೀನ್ಸ್ ಗ್ಯಾಂಬಿಟ್ ಡಿಕ್ಲೈನ್ಡ್‌ನಲ್ಲಿ ಬರುತ್ತದೆ: ಡಿ4 ಡಿ5, ಸಿ4 ಇ6, ಕುದುರೆ ಸಿ3 ಕುದುರೆ ಎಫ್6, ಒಂಟೆ ಜಿ5, ಬಿ8 ಕುದುರೆ ಡಿ7. ಬಿಳಿ ಡಿ5 ಹೊಡೆಯುತ್ತದೆ, ಇ ಕಾಲಾಳು ತಿರುಗಿ ಹೊಡೆಯುತ್ತದೆ. ಎಫ್6 ಕುದುರೆ ರಾಣಿಗೆ ಪಿನ್ ಆಗಿದೆಯಲ್ಲ, ಹಾಗಾಗಿ ಡಿ5 ಕಾಲಾಳು ಬಿಟ್ಟಿ ಅನ್ನಿಸುತ್ತದೆ. ಬಿಳಿ ಕುದುರೆ ಡಿ5 ತಿಂದರೆ ಕಪ್ಪು ಕುದುರೆಯೂ ಧೈರ್ಯವಾಗಿ ಡಿ5 ತಿನ್ನುತ್ತದೆ. ಬಿಳಿ ಒಂಟೆ ರಾಣಿ ತಿಂದಿತು. ಕಪ್ಪು ಒಂಟೆ ಬಿ4 ಚೆಕ್! ಅಡ್ಡ ಹಾಕಲು ಬಿಳಿಗೆ ರಾಣಿ ಬಿಟ್ಟರೆ ಬೇರೇನಿಲ್ಲ. ರಾಣಿ ಹೋಗುತ್ತದೆ, ಕಪ್ಪು ರಾಜ ಡಿ8ರ ಒಂಟೆಯನ್ನು ತಿನ್ನುತ್ತಾನೆ. ಎಲ್ಲಾ ಮುಗಿದ ಮೇಲೆ ಕಪ್ಪಿಗೆ ಕಾಲಾಳಿನ ಬದಲು ಒಂದು ಪೂರ್ತಿ ಕುದುರೆ ಲಾಭ. 1848ರಲ್ಲಿ ಬರ್ಲಿನ್‌ನಲ್ಲಿ ಮಾಯೆಟ್ ವಿರುದ್ಧ ಹಾರ್ವಿಟ್ಜ್ ಇದನ್ನು ಆಡಿದ್ದರು. ಇವತ್ತಿಗೂ ಬೀಳುವವರಿದ್ದಾರೆ. ಬಿಳಿ ಬೀಳದೆ ಇ3 ಆಡಿದರೂ ಕಪ್ಪಿನ ಸ್ಥಿತಿ ಚೆನ್ನಾಗಿಯೇ ಇದೆ. ಅದು ಮುಖ್ಯ.

ಸ್ಪ್ಯಾನಿಷ್ ಆಟದ ನೋವಾಸ್ ಆರ್ಕ್ ಟ್ರ್ಯಾಪ್ ಕೂಡ ಇದೇ ಜಾತಿಯದು. ಎ6, ಬಿ5, ಸಿ4 ಕಾಲಾಳುಗಳು ಸಾಲಾಗಿ ಬಂದು ಬಿ3ರಲ್ಲಿರುವ ಬಿಳಿ ಒಂಟೆಯನ್ನು ಮೂಲೆಗೆ ಒತ್ತಿ ಹಿಡಿಯುತ್ತವೆ. ನಡೆ ಬೇಡ, ಆ ಚಿತ್ರ ನೆನಪಿಟ್ಟುಕೊಳ್ಳಿ ಸಾಕು. ಸ್ಪ್ಯಾನಿಷ್‌ನಲ್ಲಿ ಬಿಳಿ ಯಾಕೆ ಸಿ3 ಆಡಿ ಒಂಟೆಗೆ ಸಿ2 ದಾರಿ ಮಾಡಿಕೊಡುತ್ತದೆ ಅನ್ನುವುದಕ್ಕೆ ಒಂದು ಕಾರಣ ಅಲ್ಲೇ ಸಿಗುತ್ತದೆ.

ಎರಡನೇ ಜಾತಿಗೆ ಬ್ಲ್ಯಾಕ್‌ಬರ್ನ್ ಶಿಲ್ಲಿಂಗ್. ಇಟಾಲಿಯನ್‌ನಲ್ಲಿ ಮೂರನೇ ನಡೆಗೆ ಕುದುರೆ ಡಿ4. ಬಿಳಿ ಇ5 ತಿಂದರೆ ರಾಣಿ ಜಿ5 ಬಂದು ಗಲಾಟೆ ಶುರು. ಬಿಳಿ ತಣ್ಣಗೆ ಡಿ4 ಕುದುರೆಯನ್ನು ಬದಲಾಯಿಸಿಕೊಂಡರೆ ಕಪ್ಪಿನ ಹತ್ತಿರ ಸಮಯವೂ ಇಲ್ಲ, ಹೊರಗೆ ಬಂದ ಕಾಯಿಯೂ ಇಲ್ಲ. ಫೋನಿನಲ್ಲಿ ಒಂದು ನಿಮಿಷದ ಆಟಕ್ಕೆ ಸರಿ. ಟೂರ್ನಮೆಂಟಿಗೆ ತರಬೇಡಿ.

ಫ್ರೆಂಚ್ ಡಿಫೆನ್ಸ್ ಬೋರು, ಟ್ಯಾಕ್ಟಿಕ್ಸ್ ಇಲ್ಲ ಅಂತಾರಲ್ಲ?

ಯಾರು ಹೇಳಿದ್ದು! ಎರಡು ಹೊಡೆತ ತೋರಿಸುತ್ತೇನೆ.

ಒಂದು: ಇ4 ಇ6, ಡಿ4 ಡಿ5, ಇ5 ಸಿ5, ಸಿ3 ಕುದುರೆ ಸಿ6, ಕುದುರೆ ಎಫ್3 ರಾಣಿ ಬಿ6, ಒಂಟೆ ಡಿ3. ಕಪ್ಪು ಡಿ4 ಹೊಡೆಯುತ್ತದೆ, ಸಿ ಕಾಲಾಳು ತಿರುಗಿ ಹೊಡೆಯುತ್ತದೆ. ಈಗ ಡಿ4 ಮೇಲೆ ಕಪ್ಪಿನ ಎರಡು ಕಾಯಿ. ಬಿಳಿಗೆ ಕುದುರೆಯ ಕಾವಲಿದೆ, ರಾಣಿಗೆ ತನ್ನ ಒಂಟೆಯೇ ಅಡ್ಡ. ಲೆಕ್ಕದಲ್ಲಿ ಕಾಲಾಳು ಬಿಟ್ಟಿ. ಕುದುರೆ ತಿನ್ನುತ್ತದೆ, ಕುದುರೆ ತಿನ್ನುತ್ತದೆ, ರಾಣಿ ತಿನ್ನುತ್ತದೆ. ಒಂಟೆ ಬಿ5 ಚೆಕ್! ಡಿ ಸಾಲು ತೆರೆಯಿತು, ಕಪ್ಪಿನ ರಾಣಿ ಹೋಯಿತು. ಬಲ್ಲವರು ಮೊದಲು ಒಂಟೆ ಡಿ7 ಆಡಿ ಆ ಚೆಕ್ಕಿಗೆ ಬಾಗಿಲು ಹಾಕುತ್ತಾರೆ, ಆಮೇಲೆ ಡಿ4 ಕೇಳುತ್ತಾರೆ. ಆಗಲೂ ಬಿಳಿ ಕ್ಯಾಸಲ್ (ರಾಜ ಆನೆಯ ಕಡೆ ಎರಡು ಮನೆ ಸರಿದು, ಆನೆ ಅವನ ಆಚೆ ಬದಿಗೆ ಬರುವ ನಡೆ) ಮಾಡಿ ಕಾಲಾಳು ಬಿಟ್ಟುಕೊಟ್ಟರೆ ಅದು ಮಿಲ್ನರ್-ಬ್ಯಾರಿ ಗ್ಯಾಂಬಿಟ್. ನೋಡಿ, ಒಂದು ಹೊಡೆತ ಅರ್ಥವಾದರೆ ಇಡೀ ಒಂದು ವೇರಿಯೇಷನ್ ತಾನಾಗಿ ಬಿಚ್ಚಿಕೊಳ್ಳುತ್ತದೆ.

ಎರಡನೆಯದು ಗ್ರೀಕ್ ಗಿಫ್ಟ್. ಬಿಳಿ ಕಾಲಾಳು ಇ5ರಲ್ಲಿ, ಒಂಟೆ ಡಿ3ರಲ್ಲಿ, ಕುದುರೆ ಎಫ್3ರಲ್ಲಿ, ಎಚ್5ಕ್ಕೆ ಬರಲು ರಾಣಿ ತಯಾರು. ಕಪ್ಪು ಚಿಕ್ಕ ಕಡೆಗೆ ಕ್ಯಾಸಲ್ ಮಾಡಿದೆ, ಎಫ್6ರಲ್ಲಿ ಕುದುರೆ ಇಲ್ಲ. ಒಂಟೆ ಎಚ್7 ಹೊಡೆದು ಚೆಕ್, ರಾಜ ತಿನ್ನುತ್ತಾನೆ, ಕುದುರೆ ಜಿ5 ಚೆಕ್. ರಾಜ ಜಿ8ಕ್ಕೆ ಹೋದರೆ ರಾಣಿ ಎಚ್5, ಎಚ್7ರಲ್ಲಿ ಮೇಟ್ ಬೆದರಿಕೆ. ಎಚ್6ಕ್ಕೆ ಬಂದರೆ ಸಿ1ರ ಒಂಟೆಯ ಎದುರಿಗೇ ಬಂದ ಹಾಗೆ, ಕುದುರೆ ಎಲ್ಲಿ ಸರಿದರೂ ಚೆಕ್. ಜಿ6ಕ್ಕೆ ಬಂದರೆ ಲೆಕ್ಕ ಹಾಕಬೇಕು. ಸಾಮಾನ್ಯವಾಗಿ ರಾಣಿ ಜಿ4 ಅಥವಾ ಎಚ್4 ಕಾಲಾಳು ನೋಡುತ್ತೇವೆ.

ಕೈ ಹಾಕುವ ಮುಂಚೆ ಮೂರು ವಿಷಯ ನೋಡಿ. ಕಪ್ಪಿನ ಯಾವುದಾದರೂ ಕುದುರೆ ಎಫ್6ಕ್ಕೋ ಎಫ್8ಕ್ಕೋ ಬಂದು ಎಚ್7 ಕಾಯಬಹುದಾ? ಕಪ್ಪಿನ ಒಂಟೆ ಅಥವಾ ರಾಣಿ ಓರೆಸಾಲಿನಲ್ಲಿ ಎಚ್7 ತಲುಪುತ್ತದಾ? ಜಿ5ಕ್ಕೆ ಬಂದ ಕುದುರೆಯನ್ನು ಇ7ರ ಒಂಟೆ ತಿಂದುಬಿಡುತ್ತದಾ? ತಿಂದರೂ ನಿಮ್ಮ ಕಾಲಾಳು ಎಚ್4ರಲ್ಲಿ, ಆನೆ ಎಚ್1ರಲ್ಲಿ ಇದ್ದರೆ ಚಿಂತೆಯಿಲ್ಲ. ಕಾಲಾಳು ಜಿ5 ಹೊಡೆದಾಗ ಎಚ್ ಸಾಲು ತೆರೆದು ಚೆಕ್ ಬರುತ್ತದೆ. ಇಟಲಿಯ ಗ್ರೆಕೋ 17ನೇ ಶತಮಾನದ ಮೊದಲಲ್ಲೇ ಈ ಹೊಡೆತ ಬರೆದಿಟ್ಟಿದ್ದ. ಫ್ರೆಂಚ್, ಕೊಲ್ಲೆ, ಲಂಡನ್ ಓಪನಿಂಗ್‌ಗಳಲ್ಲೆಲ್ಲ ಬರುತ್ತದೆ.

ಅಂದ ಹಾಗೆ, 2024ರ ವಿಶ್ವ ಚಾಂಪಿಯನ್‌ಶಿಪ್‌ನ ಮೊದಲ ಆಟದಲ್ಲೇ ಡಿಂಗ್ ಲಿರೆನ್ ಗುಕೇಶ್ ವಿರುದ್ಧ ಫ್ರೆಂಚ್ ಆಡಿ ಗೆದ್ದಿದ್ದರು. ಬೋರು ಅನ್ನುವವರು ಆ ಆಟ ತೆಗೆದು ನೋಡಿ.

ಸಿಸಿಲಿಯನ್ ಕಲಿಯಲಾ?

ಆಸೆ ಒಳ್ಳೆಯದು, ಸ್ವಲ್ಪ ತಡೆಯಿರಿ. ಸಿಸಿಲಿಯನ್‌ನಲ್ಲಿ (ಇ4ಕ್ಕೆ ಸಿ5 ಅನ್ನುವ ಕಪ್ಪಿನ ಉತ್ತರ) ಒಂದು ನಡೆ ತಡವಾದರೂ ರಾಜ ಉಳಿಯುವುದಿಲ್ಲ. ಅಲ್ಲಿನ ಎರಡು ಹೊಡೆತ ಮೊದಲು ಗುರುತು ಮಾಡಿಕೊಳ್ಳಿ. ಕಪ್ಪಿನದು ಆನೆ ಸಿ3 ಹೊಡೆಯುವುದು. ಆನೆ ಕೊಟ್ಟು ಕುದುರೆ ತೆಗೆದುಕೊಂಡಿದ್ದು ನಷ್ಟ ಅನ್ನಿಸುತ್ತದೆ. ಆದರೆ ಇ4 ಕಾಯುತ್ತಿದ್ದ ಕುದುರೆ ಹೋಯಿತು, ದೊಡ್ಡ ಕಡೆ ಕ್ಯಾಸಲ್ ಮಾಡಿದ ಬಿಳಿ ರಾಜನ ಮುಂದಿನ ಬೇಲಿಯೂ ಮುರಿಯಿತು. ಬಿಳಿಯದು ಕುದುರೆ ಡಿ5 ಅಥವಾ ಒಂಟೆ ಇ6 ಸ್ಯಾಕ್ರಿಫೈಸ್. ಕಪ್ಪು ರಾಜ ಇನ್ನೂ ಇ8ರಲ್ಲೇ ಕೂತಿದ್ದರೆ ಇ ಸಾಲು ತೆರೆದು ನುಗ್ಗುವುದು. ಇವು ಕಂಡಾಗ ಹೆದರಿಕೆಯಾಗದೆ ಖುಷಿಯಾದರೆ ನೀವು ಸಿಸಿಲಿಯನ್‌ಗೆ ತಯಾರು.

ಡಿ4 ಆಡುವವರಿಗೆ?

ಎಲಿಫೆಂಟ್ ಟ್ರ್ಯಾಪ್ ಮೇಲೆ ನೋಡಿದಿರಿ. ಇನ್ನೊಂದು ಕಲಿಯಲೇಬೇಕಾದ್ದು ಒಂಟಿ ಡಿ ಕಾಲಾಳಿನ ಜೋಡಣೆ. ಪಕ್ಕದ ಸಿ, ಇ ಸಾಲುಗಳಲ್ಲಿ ಬಿಳಿ ಕಾಲಾಳು ಇಲ್ಲ, ಡಿ4ರಲ್ಲಿ ಒಂದೇ ಒಂದು. ಆಟದ ಕೊನೆಯ ಹಂತದಲ್ಲಿ ಅದು ಹೊರೆ. ನಡುವಿನ ಹಂತದಲ್ಲಿ ಆಯುಧ. ಸರಿಯಾದ ಹೊತ್ತಿಗೆ ಡಿ5 ಅಂತ ತಳ್ಳಿದರೆ ಒಂಟೆ, ಆನೆ, ರಾಣಿ ಎಲ್ಲದಕ್ಕೂ ಒಟ್ಟಿಗೆ ದಾರಿ ಸಿಗುತ್ತದೆ, ಇ6, ಎಫ್7 ನಡುಗುತ್ತವೆ. ಕ್ವೀನ್ಸ್ ಗ್ಯಾಂಬಿಟ್ ಆಕ್ಸೆಪ್ಟೆಡ್, ನಿಮ್ಜೋ-ಇಂಡಿಯನ್, ಕ್ಯಾರೋ-ಕಾನ್‌ನ ಪಾನೋವ್ ದಾಳಿ, ಮೂರರಲ್ಲೂ ಇದೇ ಜೋಡಣೆ. ಒಂದು ಕಲಿತರೆ ಮೂರು ಬಂದಂತೆ.

ಲಂಡನ್ ಸಿಸ್ಟಮ್ ಬಗ್ಗೆ ತುಂಬಾ ಜನ ಕೇಳುತ್ತಾರೆ. ಕೆಟ್ಟ ಓಪನಿಂಗ್ ಏನಲ್ಲ. ಆದರೆ ಎದುರಾಳಿ ಏನೇ ಆಡಲಿ, ಅದೇ ಎಂಟು ನಡೆ ಕಣ್ಣು ಮುಚ್ಚಿ ಆಡುವ ಮಕ್ಕಳನ್ನು ನೋಡಿದರೆ ನನಗೆ ಬೇಜಾರು.

ಓಪನಿಂಗ್ ಹೆಸರುಗಳಲ್ಲಿ ‘ಇಂಡಿಯನ್’ ಎಲ್ಲಿಂದ ಬಂತು?

ಕೋಲ್ಕತ್ತದಿಂದ. 19ನೇ ಶತಮಾನದ ನಡುವಿನಲ್ಲಿ ಅಲ್ಲಿ ಮಹೇಶಚಂದ್ರ ಬ್ಯಾನರ್ಜಿ ಅನ್ನುವವರು ಸ್ಕಾಟ್ಲೆಂಡಿನ ಜಾನ್ ಕಾಕ್ರೇನ್ ಜೊತೆ ನೂರಾರು ಆಟ ಆಡಿದರು. ನಮ್ಮ ಹಳೇ ನಿಯಮದಲ್ಲಿ ಕಾಲಾಳು ಮೊದಲ ನಡೆಗೂ ಒಂದೇ ಮನೆ ಹೋಗುತ್ತಿತ್ತು. ಹಾಗಾಗಿ ಜಿ6, ಡಿ6 ಆಡಿ ಒಂಟೆಯನ್ನು ಜಿ7ರಲ್ಲಿ ಕೂರಿಸುವುದು ಇಲ್ಲಿನವರಿಗೆ ಸಹಜ. ಬ್ಯಾನರ್ಜಿ 1855ರಲ್ಲೇ ಡಿ4 ಕುದುರೆ ಎಫ್6, ಸಿ4 ಜಿ6, ಕುದುರೆ ಸಿ3 ಡಿ5 ಆಡಿದ್ದರು. 1922ರಲ್ಲಿ ಅದನ್ನು ಆಡಿದ ಆಸ್ಟ್ರಿಯಾದ ಗ್ರುನ್‌ಫೆಲ್ಡ್ ಹೆಸರೇ ಅದಕ್ಕೆ ಉಳಿದುಕೊಂಡಿತು. ಬ್ಯಾನರ್ಜಿ ಹೆಸರು ಯಾವ ಓಪನಿಂಗಿಗೂ ಇಲ್ಲ. ಅನ್ಯಾಯ ಅಲ್ವಾ?

ನಾನು ಹೊಸಬ. ಒಂದು ಪಟ್ಟಿ ಕೊಡಿ ಅಂದರೆ?

ಬಿಳಿಗೆ ಇಟಾಲಿಯನ್. ಇ4 ವಿರುದ್ಧ ಇ5. ಡಿ4 ವಿರುದ್ಧ ಕ್ವೀನ್ಸ್ ಗ್ಯಾಂಬಿಟ್ ಡಿಕ್ಲೈನ್ಡ್. ಕಾಯಿಗಳು ಬೇಗ ಹೊರಗೆ ಬರುತ್ತವೆ, ಹೊಡೆತಗಳು ಕಣ್ಣಿಗೆ ಕಾಣುತ್ತವೆ. ಒಂದು ವರ್ಷ ಬದಲಾಯಿಸಬೇಡಿ. ಸೋತಾಗೆಲ್ಲ ಓಪನಿಂಗ್ ಬದಲಾಯಿಸುವುದು ಕ್ಲಬ್ ಆಟಗಾರರ ದೊಡ್ಡ ಕಾಯಿಲೆ. ಸೋತಿದ್ದು ಹೆಚ್ಚಾಗಿ 25ನೇ ನಡೆಯಲ್ಲಿ ಕಾಯಿ ಬಿಟ್ಟಿದ್ದಕ್ಕೆ.

ಕಂಪ್ಯೂಟರ್ ಇರುವಾಗ ಇಷ್ಟೆಲ್ಲಾ ಯಾಕೆ? ಸ್ಟಾಕ್‌ಫಿಶ್ ಹೇಳಿದ್ದನ್ನೇ ಆಡಬಹುದಲ್ಲ?

ಸ್ಟಾಕ್‌ಫಿಶ್ ಅನ್ನುವ ಚೆಸ್ ಪ್ರೋಗ್ರಾಂ ಯಾರು ಎಷ್ಟು ಮೇಲೆ ಅಂತ ಒಂದು ಅಂಕಿ ಹೇಳುತ್ತದೆ, ಕಾರಣ ಹೇಳುವುದಿಲ್ಲ. 0.3 ಹೆಚ್ಚು, 0.3 ಕಡಿಮೆ ಅನ್ನುವುದು ನಮ್ಮ ಮಟ್ಟದಲ್ಲಿ ಏನೂ ಅಲ್ಲ. ಉಪಯೋಗಿಸುವ ರೀತಿ ಬೇರೆ. ‘ಈ ಕಾಲಾಳು ಯಾಕೆ ತಿನ್ನಬಾರದು’ ಅನ್ನಿಸಿದಾಗ ಕಂಪ್ಯೂಟರ್ ಎದುರು ತಿಂದೇ ಬಿಡಿ. ಅದು ಹೇಗೆ ಶಿಕ್ಷೆ ಕೊಡುತ್ತದೆ ನೋಡಿ. ಆ ಶಿಕ್ಷೆಯೇ ನೀವು ಕಲಿಯಬೇಕಾದ ಹೊಡೆತ.

ಲಿಚೆಸ್ ಅನ್ನುವ ಚೆಸ್ ವೆಬ್‌ಸೈಟ್ ಪೂರ್ತಿ ಉಚಿತ. ಅದರ ಓಪನಿಂಗ್ ಎಕ್ಸ್‌ಪ್ಲೋರರ್‌ನಲ್ಲಿ ಮಾಸ್ಟರ್‌ಗಳ ಆಟ ಬೇರೆ, ಸಾಮಾನ್ಯರ ಆಟ ಬೇರೆ ನೋಡಬಹುದು. ನಾನು ಸಾಮಾನ್ಯರ ಆಟವನ್ನೇ ಜಾಸ್ತಿ ನೋಡಿ ಅನ್ನುತ್ತೇನೆ, ಅದೂ ನಿಮ್ಮ ರೇಟಿಂಗ್ ಆರಿಸಿಕೊಂಡು. ನಿಮ್ಮೆದುರು ಕೂರುವವರು ಮಾಸ್ಟರ್‌ಗಳಲ್ಲ, ಅವರ ತಪ್ಪು ಬೇರೆ. ಅಲ್ಲೇ ಓಪನಿಂಗ್ ಪ್ರಕಾರ ಪಜಲ್‌ಗಳೂ ಇವೆ. ಇಟಾಲಿಯನ್ ಆರಿಸಿದರೆ ಇಟಾಲಿಯನ್‌ನಿಂದ ಹುಟ್ಟಿದ ಹೊಡೆತಗಳೇ ಬರುತ್ತವೆ.

ದಿನಕ್ಕೆ ಅರ್ಧ ಗಂಟೆ ಸಿಗುತ್ತದೆ. ಹೇಗೆ ಹಂಚಲಿ?

20 ನಿಮಿಷ ಪಜಲ್. 10 ನಿಮಿಷ ಹಿಂದಿನ ದಿನದ ನಿಮ್ಮದೇ ಆಟದ ಮೊದಲ 12 ನಡೆ. ಯಾವ ನಡೆಯಲ್ಲಿ ನಿಮಗೆ ಗೊತ್ತಿದ್ದದ್ದು ಮುಗಿಯಿತು? ಅಲ್ಲಿ ಒಂದು ವಾಕ್ಯ ಬರೆದಿಡಿ: ‘ಎಚ್3 ಆಡಿದರೆ ಒಂಟೆ ಎಚ್5, ಆಗ ಇ5 ತಿನ್ನಬಹುದು’ ಅನ್ನುವ ಥರ. ನಡೆಗಳ ಉದ್ದ ಪಟ್ಟಿ ಬೇಡ.

ಕೊನೆಗೆ ಓಪನಿಂಗ್‌ನಿಂದ ಆಟ ಗೆಲ್ಲಬಹುದಾ?

ಮೇಲಿನ ಮಟ್ಟದಲ್ಲಿ ಹೌದು, ಕೆಲವು ಸಲ. 2000ರಲ್ಲಿ ಲಂಡನ್‌ನ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಕ್ರಾಮ್ನಿಕ್ ಬರ್ಲಿನ್ ಡಿಫೆನ್ಸ್ ಆಡಿ ಕಾಸ್ಪರೋವ್‌ಗೆ ಒಂದು ಆಟವನ್ನೂ ಗೆಲ್ಲಲು ಬಿಡಲಿಲ್ಲ. 2008ರಲ್ಲಿ ಬಾನ್ ನಗರದಲ್ಲಿ ಅದೇ ಕ್ರಾಮ್ನಿಕ್‌ಗೆ ಆನಂದ್ ತಿರುಗೇಟು ಕೊಟ್ಟರು. ಹೆಚ್ಚಾಗಿ ಇ4 ಆಡುತ್ತಿದ್ದವರು ಡಿ4 ಹಿಡಿದರು. ಕಪ್ಪಿನಲ್ಲಿ ಸೆಮಿ-ಸ್ಲಾವ್‌ನ ಮೆರಾನ್ ವೇರಿಯೇಷನ್ ಆಡಿ ಮೂರನೇ, ಐದನೇ ಆಟ ಗೆದ್ದರು. ಆದರೆ 2024ರಲ್ಲಿ ಸಿಂಗಪುರದಲ್ಲಿ ಗುಕೇಶ್ ಚಾಂಪಿಯನ್ ಆದ 14ನೇ ಆಟ ನೋಡಿ. ತೀರ್ಮಾನವಾದದ್ದು 55ನೇ ನಡೆಯಲ್ಲಿ, ಡಿಂಗ್ ಆನೆಯನ್ನು ಎಫ್2ಕ್ಕೆ ಇಟ್ಟಾಗ.

ಬಾಯಿಪಾಠದ ಕಾಟ ಜಾಸ್ತಿಯಾಯಿತು ಅಂತಲೇ ಅಮೆರಿಕದ ಮಾಜಿ ವಿಶ್ವ ಚಾಂಪಿಯನ್ ಫಿಶರ್ 1996ರಲ್ಲಿ ಬ್ಯೂನಸ್ ಐರಿಸ್‌ನಲ್ಲಿ ಹೊಸ ಚೆಸ್ ಪ್ರಕಟಿಸಿದರು. ಹಿಂದಿನ ಸಾಲಿನ ಕಾಯಿಗಳನ್ನು 960 ಬಗೆಯಲ್ಲಿ ಜೋಡಿಸುವ ಆಟ ಅದು. ಒಮ್ಮೆ ಆಡಿ ನೋಡಿ. ಅಲ್ಲೂ ಮೊದಲ ನಡೆಗೇ ನೀವು ‘ಯಾವ ಕಾಲಾಳಿಗೆ ಕಾವಲಿಲ್ಲ’ ಅಂತಲೇ ಹುಡುಕುತ್ತೀರಿ.

ನಾಳೆ ಟೂರ್ನಮೆಂಟ್ ಇದೆ. ಇವತ್ತು ರಾತ್ರಿ ಏನು ಓದಲಿ?

ಹೊಸದೇನೂ ಬೇಡ. ನಿಮ್ಮ ಮೂರು ಓಪನಿಂಗ್‌ಗಳಲ್ಲಿ ನೀವೇ ಬೀಳಬಹುದಾದ ಹೊಡೆತಗಳನ್ನು ಮಾತ್ರ ಬೋರ್ಡ್ ಮೇಲೆ ಒಂದು ಸಲ ಆಡಿ ನೋಡಿ. ಡಿ5 ಆದ ಮೇಲೆ ಕುದುರೆ ಎ5, ಒಂಟೆ ಡಿ7 ಮೊದಲು, ಅಂಥವು. ಆಮೇಲೆ ಮಲಗಿ. ಬೆಳಿಗ್ಗೆ ಹೋಗುವಾಗ ಎರಡು ಪೆನ್ ತಗೊಂಡು ಹೋಗಿ, ಫೋನ್ ಹೊರಗೆ ಬಿಡಿ. ಸ್ಕೋರ್‌ಶೀಟ್‌ನಲ್ಲಿ ನಡೆಗಳನ್ನು ಬೇರೆಯವರಿಗೂ ಓದಲಾಗುವಂತೆ ಬರೆಯಿರಿ, ಸೋತ ಆಟದ್ದನ್ನು ಹರಿದು ಎಸೆಯಬೇಡಿ. ಸೋಮವಾರದ ಹತ್ತು ನಿಮಿಷಕ್ಕೆ ಅದೇ ಬೇಕು.